ನೆಲಮಾಳಿಗೆ ಒಣಗಿಸಿದ್ದು

ಕಟ್ಟಡದ ಸಾಮಾನು ಮಾರುವವನ ನೆಲಮಾಳಿಗೆಯಲ್ಲೇ ಕಪ್ಪೆ ಕೂಗಿದರೆ, ಅವನು ಗಿರಾಕಿಗಳ ಮುಂದೆ ಯಾವ ಮುಖ ಇಟ್ಟುಕೊಂಡು ನೀರುತಡೆ ಬಣ್ಣ ಮಾರುವುದು? ಸಾವಾ ನದಿಯ ಬಯಲಿನ ನಮ್ಮೂರಲ್ಲಿ ಶರತ್ಕಾಲದ ಮಳೆ ಹಿಡಿದರೆ ಬಿಡುವುದಿಲ್ಲ. ನೆಲವೋ ಜೇಡಿಮಣ್ಣು, ಒಂದು ಲೋಟ ನೀರು ಕೊಟ್ಟರೂ ಕುಡಿಯದೆ ಬಾಯಿ ಮುಚ್ಚಿಕೊಂಡು ಕೂರುತ್ತದೆ.

ಆ ವರ್ಷ ನೆಲಮಾಳಿಗೆಯ ನೀರು, ನಾವು ಎಲೆಕೋಸು ಹುಳಿ ಬರಲು ಹಾಕಿಟ್ಟ ಪೀಪಾಯಿಯ ಬುಡ ಮುಟ್ಟಿತು. ದೇವದೂತ ಮಿಖಾಯಿಲನ ದಿನ ನಮ್ಮ ಸ್ಲಾವಾ, ಅಂದರೆ ಮನೆದೇವರ ಹಬ್ಬ. ಅದಕ್ಕೆ ಯಾರನ್ನೂ ಕರೆಯುವುದಿಲ್ಲ, ಯಾರೂ ತಪ್ಪಿಸುವುದಿಲ್ಲ. ಹುಳಿ ಬಂದ ಎಲೆಕೋಸಿನಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾ ಇಲ್ಲದೆ ಓಣಿಯವರನ್ನು ಎದುರಿಸುವ ಧೈರ್ಯ, ಕೈಯಲ್ಲಿ ಕತ್ತಿ ಹಿಡಿದ ಆ ಮಿಖಾಯಿಲನಿಗೂ ಇರಲಾರದು.

ಅಂಗಡಿಯ ಬಣ್ಣ ತಂದು ಒಳಗೋಡೆಗೆ ಬಳಿದೆ. ವಾರದೊಳಗೆ ಗೋಡೆ ಸುಟ್ಟ ಕೈಯ ಹಾಗೆ ಗುಳ್ಳೆ ಎದ್ದಿತು.

"ನೀರು ಬರೋದು ಹೊರಗಿಂದ, ನೀನು ಬಳಿಯೋದು ಒಳಗಿಂದ," ಎಂದಳು ನನ್ನ ಹೆಂಡತಿ ಸ್ಮಿಲ್ಯಾ. "ಪಾಪ, ಈ ಬಣ್ಣ ಎಷ್ಟು ಜನಕ್ಕೆ ಮಾರಿದೀಯಾ?"

"ವ್ಯಾಪಾರದ ವಿಷ್ಯ ನಿಂಗ್ಯಾಕೆ?"

"ಮಾಡಿನ ನೀರೆಲ್ಲ ಕೊಳವೆಯಿಂದ ಗೋಡೆ ಬುಡಕ್ಕೇ ಬೀಳ್ತಿದೆ, ಕಣ್ಣು ಕಾಣಲ್ವಾ? ಅಂಗಳ ಬೇರೆ ಮನೆ ಕಡೆಗೇ ವಾಲಿದೆ!"

ಹೋಗಿ ನೋಡಿದೆ. ಮನೆ ಕಟ್ಟುವಾಗ ಗೋಡೆಯ ಸುತ್ತ ಅಗೆದು ಮತ್ತೆ ತುಂಬಿದ ಮಣ್ಣು ಸಡಿಲ, ಅದರಾಚೆ ಗಟ್ಟಿ ಜೇಡಿ. ಅಂದರೆ ನಮ್ಮ ಮನೆ ಒಂದು ಬೋಗುಣಿಯೊಳಗೆ ಕುಳಿತಿತ್ತು. ಮಾಡಿನ ನೀರನ್ನೆಲ್ಲ ನಾನೇ ಆ ಬೋಗುಣಿಗೆ ಸುರಿಯುತ್ತಿದ್ದೆ. (ಇದನ್ನು ಕಂಡುಹಿಡಿದವನು ನಾನೆಂದೇ ಊರಲ್ಲಿ ಹೇಳಿದ್ದೇನೆ, ದಯವಿಟ್ಟು ಕೆಡಿಸಬೇಡಿ.) ಗೋಡೆಯ ಬುಡಕ್ಕೆ ಮಣ್ಣು ಏರಿಸಿದೆ, ಕೊಳವೆಗೆ ಉದ್ದದ ಪೈಪು ಜೋಡಿಸಿ ನೀರನ್ನು ಬೀದಿಯ ಚರಂಡಿಗೆ ಬಿಟ್ಟೆ. ನೆಲಮಾಳಿಗೆ ಒಣಗಿತು.

ಅಷ್ಟಕ್ಕೆ ಸುಮ್ಮನಿದ್ದರೆ ನಾನು ವ್ಯಾಪಾರಿಯೇ ಅಲ್ಲ. ಓಣಿಯವರನ್ನೆಲ್ಲ ಕರೆದು ಒಣಗಿದ ಗೋಡೆ ಮುಟ್ಟಿಸಿದೆ, ಮೇಲೊಂದು ಗುಟುಕು ರಾಕಿಯಾ, ಅಂದರೆ ಪ್ಲಮ್ ಹಣ್ಣಿನ ಸಾರಾಯಿ, ಕುಡಿಸಿದೆ. ಓಣಿಯ ಮೇಲ್ತುದಿಯ ತಿಹೊಮಿರ್‌ನಿಂದ ಹಿಡಿದು ಪಕ್ಕದ ಮನೆಯ ಅಜ್ಜಿಯವರೆಗೆ ಎಲ್ಲರೂ ಪೈಪು ಕೊಂಡರು. ನನ್ನ ಗೋದಾಮೇ ಬರಿದಾಯಿತು.

ಹಬ್ಬದ ಹಿಂದಿನ ದಿನ ಜಡಿಮಳೆ. ಓಣಿಯ ಅಷ್ಟೂ ಮಾಡುಗಳ ನೀರು ನನ್ನ ಪೈಪುಗಳಲ್ಲಿ ಬಹಳ ಶಿಸ್ತಿನಿಂದ ಚರಂಡಿಗೆ ಇಳಿಯಿತು. ಯಾರದೋ ಅಜ್ಜನ ಕಾಲದಲ್ಲಿ ತೋಡಿದ ಚರಂಡಿ; ಮುಕ್ಕಾಲು ಹೂಳು. ಅದು ಉಕ್ಕಿ ಹರಿದದ್ದು ತಗ್ಗಿನ ಕೊನೆಯ ಮನೆಗೆ. ಆ ಮನೆ ನಮ್ಮದು. ನೆಲಮಟ್ಟದ ಬೆಳಕಿಂಡಿಯಿಂದ ನುಗ್ಗಿದ ಕೆಸರುನೀರು ಪೀಪಾಯಿಯ ಬಾಯನ್ನೂ ದಾಟಿತು.

ಆ ಸಂಜೆ ಸ್ಮಿಲ್ಯಾ ಮನೆಮನೆ ಸುತ್ತಿ ಎಲೆಕೋಸು ಬೇಡಿ ತಂದಳು. ಎಲ್ಲರ ನೆಲಮಾಳಿಗೆಯೂ ಒಣಗಿ ಗರಿಗರಿಯಾಗಿತ್ತಂತೆ.

ಮರುದಿನ ಇಡೀ ಓಣಿಯೇ ಬಂದು ಮೇಜಿಗೆ ಕುಳಿತಿತು. ಸ್ಲಾವಾದ ದಿನ ಮನೆಯ ಯಜಮಾನ ಕೂರುವಂತಿಲ್ಲ; ನಿಂತೇ ಉಪಚರಿಸಬೇಕು.

"ಸರ್ಮಾ ಭಾಳ ಚೆನ್ನಾಗಿದೆ ಮಿಲೋಯ್ಕೊ ಅಣ್ಣಾ," ಎಂದ ತಿಹೊಮಿರ್, ಬಾಯಿ ಒರೆಸಿಕೊಳ್ಳುತ್ತ. "ಇರ್ದೆ ಏನು, ನಮ್ಮನೆ ಎಲೆಕೋಸು! ಅಂದ ಹಾಗೆ, ನಿಮ್ಮ ನೆಲಮಾಳಿಗೆಗೆ ನೀರು ನುಗ್ತಂತೆ? ಒಂದು ಪೈಪ್ ಹಾಕಿಸ್ಬಾರ್ದಾ? ಇಲ್ಲೇ ಪೇಟೇಲಿ ಒಬ್ಬ ಮಾರ್ತಾನೆ. ಮಾತು ಜಾಸ್ತಿ, ಮಾಲು ಪರ್ವಾಗಿಲ್ಲ."

ಮೇಜಿನ ಸುತ್ತ ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಿರಾಕಿಗಳು ನಕ್ಕಾಗ ನಗಲೇಬೇಕಲ್ಲ, ನಾನೂ ನಕ್ಕೆ.

ಸ್ಮಿಲ್ಯಾ ನನ್ನ ಕೈಯಿಂದ ರಾಕಿಯಾ ಬಾಟಲಿ ತೆಗೆದುಕೊಂಡಳು. "ಇವತ್ತು ಹೇಗೂ ನೀನು ನಿಂತೇ ಇರ್ಬೇಕಲ್ಲ ಮಾರಾಯಾ, ಕೆಳಗೆ ಹೋಗಿ ನಿಂತ್ಕೋ. ಬಕೆಟ್ ಅಲ್ಲೇ ಇದೆ."