ಗಿರಣಿ ಚಿತ್ರಲಿಂಗಪ್ಪನ ಜೀಪು ಗೇಣುದ್ದ ಎದ್ದಿದ್ದು

ಹಿಟ್ಟಿನ ಗಿರಣಿ ಇಟ್ಟುಕೊಂಡವನಿಗೆ ಲೋಕದ ಯಂತ್ರಗಳೆಲ್ಲ ಅರ್ಥವಾಗುತ್ತವೆ ಎಂದು ಯಾವ ಪುಣ್ಯಾತ್ಮ ಹೇಳಿದನೋ ಗೊತ್ತಿಲ್ಲ, ಹಿರಿಯೂರಿನ ಚಿತ್ರಲಿಂಗಪ್ಪ ಮಾತ್ರ ಅದನ್ನು ನಂಬಿ ಕೂತಿದ್ದ. ‘ನನ್ ಕೈಗೆ ವಿಮಾನ ಕೊಟ್ರೂ ವಾರದಾಗೆ ಬಿಚ್ಚಿ ಹಾಕ್ತೀನಿ’ ಎನ್ನುವುದು ಅವನ ಘೋಷಣೆ. (ಬಿಚ್ಚುವ ವಿಷಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮನೆಯ ರೇಡಿಯೋ ಬಿಚ್ಚಿ ಮೂರು ವರ್ಷವಾಗಿತ್ತು. ಅದರ ಹೊಟ್ಟೆಯಲ್ಲಿ ಈಗ ಜಯಕ್ಕ ಒಣಮೆಣಸಿನಕಾಯಿ ಇಡುತ್ತಿದ್ದಳು.)

ಇಂಥವನಿಗೆ ಎಪ್ಪತ್ತೆರಡರಲ್ಲಿ ಮಿಲಿಟರಿಯವರು ಹರಾಜು ಹಾಕಿದ ಒಂದು ಹಳೇ ಜೀಪು ಸಿಕ್ಕಿತು. ಅದು ಯಾವ ಯುದ್ಧದಲ್ಲಿ ಗೆದ್ದಿತ್ತೋ ಸೋತಿತ್ತೋ, ಬಾಗೂರಿನ ಹಳ್ಳದಲ್ಲಂತೂ ಪ್ರತಿ ಸಲ ಸೋಲುತ್ತಿತ್ತು. ಜಯಕ್ಕನ ತವರುಮನೆ ಬಾಗೂರಿನ ಹೊರಗೆ, ಹಳ್ಳದ ಆಚೆ ದಡದ ತೋಟದಲ್ಲಿ. ಅಲ್ಲಿಗೆ ಹೋಗುವ ಬಂಡಿದಾರಿ ಹಳ್ಳಕ್ಕೆ ಇಳಿಯುವಲ್ಲಿ, ಒಂದು ಹೊಂಗೆಮರದ ನೇರಕ್ಕೆ, ಎರಡು ಗಾಲಿಜಾಡಿನ ನಟ್ಟನಡುವೆ ಒಂದು ಬಂಡೆ ಕೂತಿತ್ತು. ಎತ್ತಿನ ಬಂಡಿಗೆ ಅದರಿಂದ ತೊಂದರೆಯಿರಲಿಲ್ಲ. ಜೀಪಿನ ಹೊಟ್ಟೆಗೆ ಮಾತ್ರ ಸರಿಯಾಗಿ ತಾಗುತ್ತಿತ್ತು. ಒಮ್ಮೆ ಆಯಿಲ್ ಚೇಂಬರ್ ಒಡೆದು, ಜೀಪಿನ ಎಣ್ಣೆಯೆಲ್ಲ ಹಳ್ಳದ ಮೀನಿಗೆ ಅಭ್ಯಂಜನವಾಗಿತ್ತು.

ಅಂದಿನಿಂದ ಚಿತ್ರಲಿಂಗಪ್ಪ ಒಂದು ಉಪಾಯ ಕಂಡುಕೊಂಡಿದ್ದ. ಹಳ್ಳ ಬಂದ ಕೂಡಲೇ ಎಲ್ಲರನ್ನೂ ಇಳಿಸುವುದು. ಜನ ಇಳಿದರೆ ಕೆಳಗಿನ ಸ್ಪ್ರಿಂಗ್ ಪಟ್ಟಿಗಳು ಸಡಿಲಗೊಂಡು ಜೀಪು ಎರಡು ಬೆರಳು ಮೇಲಕ್ಕೆ ಏಳುತ್ತದೆ, ಬಂಡೆಯನ್ನು ಸವರಿಕೊಂಡು ದಾಟುತ್ತದೆ. ಶಾಸ್ತ್ರ ಸರಿಯಾಗಿಯೇ ಇತ್ತು. ಆದರೆ ಇಳಿಯುವವಳು ಜಯಕ್ಕ. ರೇಷ್ಮೆಸೀರೆ ಎತ್ತಿ ಹಿಡಿದು, ಚಪ್ಪಲಿ ಕೈಯಲ್ಲಿ ಹಿಡಿದು, ಕೆಸರಿನಲ್ಲಿ ಪಚಪಚ ಎಂದು ಹಳ್ಳ ದಾಟಿ ತವರುಮನೆ ಬಾಗಿಲಿಗೆ ಹೋಗಿ ನಿಲ್ಲುವವಳು ಅವಳು. ಹೋದ ಗೌರಿಹಬ್ಬಕ್ಕೆ ತಮ್ಮನ ಹೆಂಡತಿ ಶಾಂತಕ್ಕ ಅವಳ ಕಾಲು ನೋಡಿ, ‘ಅತ್ತಿಗೆ, ಜೀಪಿನಾಗೆ ಬಂದ್ರೋ, ಗದ್ದೆ ನಾಟಿ ಮಾಡ್ಕಂಡು ಬಂದ್ರೋ?’ ಎಂದು ಕೇಳಿದ್ದಳು. ಕಾಲು ತೊಳೆಯಲು ನೀರು ಕೊಟ್ಟೇ ಕೇಳಿದ್ದಳು, ಆದರೂ ಕೇಳಿದ್ದಳು.

ಆ ಮಾತು ಜಯಕ್ಕನಿಗೆ ನಾಟಿತು. ಎಪ್ಪತ್ನಾಲ್ಕರಲ್ಲಿ ತಮ್ಮ ಮೂರ್ತಪ್ಪನ ಮಗಳ ಮದುವೆ ಗೊತ್ತಾದಾಗ ಅವಳು ಗಂಡನ ಮುಂದೆ ಕಡ್ಡಿ ಮುರಿದ ಹಾಗೆ ಹೇಳಿದಳು.

‘ನೋಡ್ರಿ, ನಾನು ಹುಡುಗಿಗೆ ಸೋದರತ್ತೆ. ನಾನು ಹೋಗದೆ ಚಪ್ಪರದ ಪೂಜೆ ಆಗಲ್ಲ. ಈ ಸಲಾನೂ ಹಳ್ಳದಾಗೆ ಇಳಿ ಅಂದ್ರೆ ನಾನು ಬರಾದೇ ಇಲ್ಲ. ಬಸ್ಸಿನಾಗೆ ಹೋಗ್ತೀನಿ.’

‘ಈ ಸಲ ನಿನ್ನ ಇಳಸಾದೇ ಇಲ್ಲ ಕಣೇ! ಕುಂತ ಜಾಗದಿಂದ ಎಬ್ಬಿಸದಂಗೆ ಚಪ್ಪರದ ಕೆಳಗೇ ಒಯ್ದು ನಿಲ್ಲಿಸ್ತೀನಿ. ಇದು ಗಿರಣಿ ಚಿತ್ರಲಿಂಗಪ್ಪನ ಮಾತು!’

‘ಹೆಂಗೆ?’

‘ಜೀಪನ್ನೇ ಎತ್ತರ ಮಾಡ್ಸಿಬಿಡ್ತೀನಿ.’

ಜಯಕ್ಕ ರೇಡಿಯೋದೊಳಗಿಂದ ನಾಲ್ಕು ಮೆಣಸಿನಕಾಯಿ ತೆಗೆದು ಒಗ್ಗರಣೆಗೆ ಮುರಿದಳು. ‘ಅದರ ಬದ್ಲು ಆ ಬಂಡೆ ಕೀಳ್ಸಿ ಹಾಕಿದ್ರೆ ಆಗಲ್ವಾ? ಎರಡು ಹಾರೆ, ನಾಲ್ಕು ಆಳು. ಒಂದು ಬೆಳಿಗ್ಗೆ ಕೆಲಸ.’

ಚಿತ್ರಲಿಂಗಪ್ಪನಿಗೆ ಅಯ್ಯೋ ಅನ್ನಿಸಿತು. ಇಂಥ ಹೆಂಗಸಿನ ಜೊತೆ ಇಪ್ಪತ್ತೈದು ವರ್ಷ ಸಂಸಾರ ಮಾಡಿದ ತನ್ನ ತಾಳ್ಮೆಗೆ ತಾನೇ ತಲೆದೂಗಿ, ‘ಲೇ, ಬಂಡೆ ಕೀಳಾದು ಕೂಲಿ ಕೆಲಸ. ಜೀಪ್ ಎತ್ತಾದು ಇಂಜಿನಿಯರಿಂಗು! ನಿಂಗೆ ಅದೆಲ್ಲ ತಿಳಿಯಲ್ಲ ಬಿಡು’ ಎಂದ. ಜಯಕ್ಕ ಮತ್ತೆ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಒಪ್ಪಿದಳು ಎಂದು ತಿಳಿಯುವ ಮಟ್ಟಿಗೆ ಚಿತ್ರಲಿಂಗಪ್ಪ ಮುಗ್ಧನಾಗಿದ್ದ.

ಮಾರನೆಯ ದಿನವೇ ಸವಾರಿ ಚಿತ್ರದುರ್ಗಕ್ಕೆ ಹೊರಟಿತು. ಅಲ್ಲಿ ಜಂಪಣ್ಣ ಎಂಬ ಮೆಕ್ಯಾನಿಕ್ ಇದ್ದ. ಮಾತು ಕಡಿಮೆ, ಬೀಡಿ ಜಾಸ್ತಿ. ಅವನು ಜೀಪಿನ ಕೆಳಗೆ ತೂರಿ, ಮಲಗಿದಲ್ಲಿಂದಲೇ ತೀರ್ಪು ಕೊಟ್ಟ.

‘ಒಂದೊಂದು ಗಾಲಿಗೆ ಎರಡೆರಡು ಪಟ್ಟಿ ಜಾಸ್ತಿ ಹಾಕ್ತೀನ್ರಿ. ಎರಡು ಬೆರಳು ಏಳ್ತೈತೆ. ಜನ ಕುಂತ್ರೂ ಕುಸಿಯಲ್ಲ.’

‘ಎರಡೇ ಬೆರಳಾ?’

‘ನಿಮ್ಮ ಬಂಡೆಗೆ ಎರಡು ಸಾಕಲ್ರೀ.’

ಸಾಕು ನಿಜ. ಆದರೆ ಎರಡು ಬೆರಳು ಎದ್ದರೆ ಯಾರ ಕಣ್ಣಿಗೆ ಕಾಣಬೇಕು? ಬಾಗೂರಿನವರು ಜೀಪು ನೋಡಿ ಬಾಯಿ ಬಿಡಬೇಡವೇ? ಶಾಂತಕ್ಕ ಕತ್ತೆತ್ತಿ ನೋಡಬೇಡವೇ? ಯೋಚನೆ ಮಾಡಿ ಹೇಳ್ತೀನಿ ಎಂದು ಚಿತ್ರಲಿಂಗಪ್ಪ ಜಂಪಣ್ಣನನ್ನು ಜೀಪಿನ ಕೆಳಗಿಂದ ಎಬ್ಬಿಸಿ, ಹೊಸದುರ್ಗದ ದಾರಿ ಹಿಡಿದ.

ಹೊಸದುರ್ಗದಲ್ಲಿ ಕಮ್ಮಾರ ಬೋರಯ್ಯನ ಕುಲುಮೆ. ನೇಗಿಲ ಗುಳ, ಬಂಡಿಯ ಹಳಿ ಮಾಡುತ್ತಿದ್ದ ಬೋರಯ್ಯ ಜೀಪಿಗೆ ಕೈ ಹಾಕಿದವನಲ್ಲ. ಆದರೆ ಕೈಲಾಗದು ಎಂದು ಹೇಳುವ ಜಾಯಮಾನವೂ ಅವನದಲ್ಲ.

‘ಅದೇನ್ರಿ ಸಾವ್ಕಾರ್ರೆ ಪಟ್ಟಿ ಮೇಲೆ ಪಟ್ಟಿ ಪೇರಸಾದು! ಇರೋ ಪಟ್ಟಿನೇ ಕಾಯಿಸಿ ಬಿಲ್ಲಿನಂಗೆ ಬಗ್ಗಿಸ್ತೀನಿ. ಕೆಳಗೆ ಒಂದೊಂದು ಜಾಲಿಮರದ ತುಂಡು ಕೊಡ್ತೀನಿ. ಎಷ್ಟು ಎತ್ತಬೇಕು ಹೇಳ್ರಿ, ಅಷ್ಟು ಎತ್ತಾಣ.’

ಇವನು ಗಂಡಸು ಅನ್ನಿಸಿತು ಚಿತ್ರಲಿಂಗಪ್ಪನಿಗೆ. ‘ಒಂದು ಗೇಣು ಎತ್ತು’ ಎಂದು ಹೇಳಿ, ದೋಸೆ ತಿನ್ನಲು ಹೋಟೆಲಿಗೆ ಹೋದ. ಅಲ್ಲಿ ಪರಿಚಯದವರು ಸಿಕ್ಕರು, ಮಾತು ಬೆಳೆಯಿತು, ಮಾತಿನ ಹಿಂದೆ ಮದ್ದೂರುವಡೆಯೂ ಬಂತು. ವಾಪಸು ಬರುವ ಹೊತ್ತಿಗೆ ಸಂಜೆ ಆಗಿತ್ತು. ಜೀಪು ಆಕಾಶ ನೋಡುತ್ತಿತ್ತು.

ತಪ್ಪು ಯಾರದೂ ಅಲ್ಲ. ಚಿತ್ರಲಿಂಗಪ್ಪ ಒಂದು ಗೇಣು ಎಂದದ್ದು ಹಿಟ್ಟು ಮುಟ್ಟಿ ಮುಟ್ಟಿ ನುಣುಪಾದ ತನ್ನ ಪುಟ್ಟ ಕೈ ನೆನೆಸಿಕೊಂಡು. ಬೋರಯ್ಯ ಅಳೆದದ್ದು ತನ್ನ ಗೇಣಿನಿಂದ. ಬೋರಯ್ಯನ ಅಂಗೈ ಎಂದರೆ ಮೊರ. ಚಿತ್ರಲಿಂಗಪ್ಪ ಒಂದು ಗಳಿಗೆ ಬೆಚ್ಚಿದ. ಆಮೇಲೆ ಎತ್ತರ ಜಾಸ್ತಿಯಾದರೆ ಗೌರವವೂ ಜಾಸ್ತಿ ಎಂದು ಸಮಾಧಾನ ಮಾಡಿಕೊಂಡು, ಬೋರಯ್ಯನ ಹೆಗಲ ಮೇಲೆ ಕಾಲಿಟ್ಟು ಜೀಪು ಹತ್ತಿದ.

ಚಪ್ಪರದ ದಿನ ಬಂತು. ಜಯಕ್ಕ ರೇಷ್ಮೆಸೀರೆ ಉಟ್ಟು ಹೊರಗೆ ಬಂದು ಜೀಪು ನೋಡಿದಳು. ಸೀಟು ಅವಳ ಎದೆಯ ಮಟ್ಟಕ್ಕಿತ್ತು.

‘ಇದನ್ನ ಹತ್ತಾದು ಹೆಂಗ್ರಿ? ಏಣಿ ತರ್ಲಾ?’

‘ಗಿರಣಿ ಸ್ಟೂಲ್ ಐತಲ್ಲ, ಅದರ ಮೇಲೆ ನಿಂತ್ಕೊ. ನಾನು ಹಿಂದಿಂದ ಎತ್ತಿ ಕೊಡ್ತೀನಿ.’

ರಾಗಿ ಬೀಸಿಸಲು ಬಂದಿದ್ದ ಎಂಟು ಹೆಂಗಸರ ಎದುರಿಗೆ ಜಯಕ್ಕನನ್ನು ಜೀಪಿಗೆ ಏರಿಸಲಾಯಿತು. ಅದು ಹೇಗೆ ನಡೆಯಿತು ಎಂಬುದನ್ನು ಇಲ್ಲಿ ಬರೆಯುವುದು ಮರ್ಯಾದೆಯಲ್ಲ. ಹಿಂದೆ ಒಂಬತ್ತು ಜನ ನೆಂಟರು, ಎರಡು ಮೂಟೆ ರವೆ, ಜಯಕ್ಕನ ತೊಡೆಯ ಮೇಲೆ ಒಂದು ಬುಟ್ಟಿ ವೀಳ್ಯದೆಲೆ. ಭಾರಕ್ಕೆ ಬೋರಯ್ಯನ ಬಿಲ್ಲು ಬಗ್ಗಿ, ಜೀಪು ನಾಲ್ಕೈದು ಬೆರಳು ಕೆಳಗಿಳಿದು ನಿಂತಿತು. ಸ್ಟೂಲು ಮಾತ್ರ ಹಿರಿಯೂರಿನಲ್ಲೇ ಉಳಿಯಿತು.

ಕಾಯಿಸಿ ಬಗ್ಗಿಸಿದ ಪಟ್ಟಿಗೆ ಕುಣಿಯುವುದೊಂದೇ ಗೊತ್ತು. ಒಂದು ಗುಂಡಿಗೆ ಬಿದ್ದರೆ ಜೀಪು ಏಳು ಸಲ ಎಗರುತ್ತಿತ್ತು, ಎಂಟನೆಯ ಸಲಕ್ಕೆ ಮುಂದಿನ ಗುಂಡಿ ಬರುತ್ತಿತ್ತು. ಹಿಂದಿದ್ದವರ ತಲೆಗಳು ಟಾರ್ಪಾಲಿನ ಕಬ್ಬಿಣದ ಕಂಬಿಗೆ ಟಣ್ ಟಣ್ ಎಂದು ತಾಳ ಹಾಕುತ್ತಿದ್ದವು. ಹೊಸದುರ್ಗ ದಾಟುವಷ್ಟರಲ್ಲಿ ಒಬ್ಬರು ವಾಂತಿ ಮಾಡಿಕೊಂಡರು, ಇಬ್ಬರು ಹರಕೆ ಕಟ್ಟಿಕೊಂಡರು.

‘ಹೆಂಗೈತೆ ಸವಾರಿ?’ ಎಂದು ಚಿತ್ರಲಿಂಗಪ್ಪ ಹೆಮ್ಮೆಯಿಂದ ಕೇಳಿದ. ಯಾರೂ ಉತ್ತರ ಕೊಡಲಿಲ್ಲ, ನಾಲಿಗೆ ಕಚ್ಚಿಕೊಳ್ಳುವ ಭಯಕ್ಕೆ.

ಹಳ್ಳ ಬಂತು. ಹಿಂದಿನ ದಿನ ಮಳೆಯಾಗಿ ಕೆಂಪುನೀರು ಮೊಣಕಾಲುದ್ದ ಹರಿಯುತ್ತಿತ್ತು. ಬಂಡೆ ಕಾಣುತ್ತಿರಲಿಲ್ಲ, ಹೊಂಗೆಮರ ಮಾತ್ರ ಕಾಣುತ್ತಿತ್ತು. ಅಭ್ಯಾಸಬಲದಿಂದ ಹಿಂದಿನವರು ಇಳಿಯಲು ಎದ್ದರು.

‘ಯಾರೂ ಇಳೀಬೇಡ್ರಿ! ಕುಂತ್ಕಳ್ರಿ ಸುಮ್ನೆ!’ ಎಂದು ಗರ್ಜಿಸಿ ಚಿತ್ರಲಿಂಗಪ್ಪ ಹೊಂಗೆಮರದ ನೇರಕ್ಕೆ ಜೀಪು ಹಿಡಿದ. ಬಂಡೆ ಹತ್ತಿರ ಬಂದಿತು ಅನ್ನಿಸಿದಾಗ ಚಕ್ರ ಬಿಗಿಹಿಡಿದ. ಕಣ್ಣು ಮುಚ್ಚಿದ, ಮನೆದೇವರನ್ನು ನೆನೆದ, ಕಾಲು ಅದುಮಿದ. ಜೀಪು ನೀರು ಹಾರಿಸುತ್ತ ಸಲೀಸಾಗಿ ಆಚೆ ದಡ ಹತ್ತಿತು. ಕೆಳಗೆ ಚುರ್ ಅನ್ನಲಿಲ್ಲ, ಟಕ್ ಅನ್ನಲಿಲ್ಲ.

‘ನೋಡ್ದೇನೇ? ತಾಗ್ತಾ?’

‘ತಾಗ್ಲಿಲ್ಲ’ ಎಂದಳು ಜಯಕ್ಕ. ಅವಳ ಮುಖದಲ್ಲಿ ಒಂದು ಥರದ ನಗು ಇತ್ತು. ಅದನ್ನು ಮೆಚ್ಚುಗೆ ಎಂದು ತಿಳಿದ ಚಿತ್ರಲಿಂಗಪ್ಪ ಹಾರ್ನು ಬಾರಿಸುತ್ತಲೇ ತೋಟಕ್ಕೆ ನುಗ್ಗಿದ.

ಮನೆಯ ಮುಂದೆ ಅಗಲಕ್ಕೂ ಹಸಿರು ಚಪ್ಪರ. ಆಗತಾನೇ ನೆಟ್ಟ ಹಾಲುಗಂಬ. ಬಾಗಿಲಲ್ಲಿ ಮೂರ್ತಪ್ಪ, ಶಾಂತಕ್ಕ, ಜಯಕ್ಕನ ಅವ್ವ, ಎಂಬತ್ತು ದಾಟಿದ ಹುಚ್ಚಕ್ಕ. ಎಲ್ಲರೂ ಕತ್ತೆತ್ತಿ ನೋಡಿದರು. ಚಿತ್ರಲಿಂಗಪ್ಪನ ಜನ್ಮ ಸಾರ್ಥಕವಾಯಿತು. ಚಪ್ಪರದ ಕೆಳಗೇ ನಿಲ್ಲಿಸುತ್ತೇನೆಂದು ಮಾತು ಕೊಟ್ಟಿದ್ದನಲ್ಲ, ಕೊಟ್ಟ ಮಾತಿನಂತೆ ನುಗ್ಗಿಸಿಯೇ ಬಿಟ್ಟ. ಟಾರ್ಪಾಲು ಮಾವಿನೆಲೆಗಳನ್ನು ಸವರಿಕೊಂಡು ಒಳಗೆ ಹೋಯಿತು. ಜೀಪು ಹೊಸಿಲಿನಿಂದ ಮಾರುದ್ದದಲ್ಲಿ ನಿಂತಿತು.

ನಿಂತ ಕೂಡಲೇ ಹಿಂದಿನ ಒಂಬತ್ತು ಜನ ಬದುಕಿದೆಯಾ ಬಡಜೀವವೇ ಎಂದು ಧುಮುಕಿದರು. ರವೆ ಮೂಟೆಗಳನ್ನು ಯಾರೋ ಎಳೆದುಕೊಂಡರು. ಭಾರ ಇಳಿದದ್ದೇ ತಡ, ಬೋರಯ್ಯನ ಬಿಲ್ಲುಗಳು ಮೈಮುರಿದು ಎದ್ದವು. ಜೀಪು ನಿಧಾನವಾಗಿ ಮೇಲೇರಿತು. ಜೀಪಿನ ಜೊತೆ ಟಾರ್ಪಾಲಿನ ಕಂಬಿ, ಕಂಬಿಯ ಜೊತೆ ಚಪ್ಪರದ ಅಡ್ಡಬಿದಿರು, ಬಿದಿರಿನ ಜೊತೆ ಇಡೀ ಚಪ್ಪರವೇ ಮೇಲೇರಿತು. ಹಾಲುಗಂಬ ವಾಲಿತು.

‘ಅಯ್ಯೋ ಶಿವನೇ! ಹಾಲುಗಂಬ ಹೋಯ್ತು!’ ಹುಚ್ಚಕ್ಕ ಎದೆ ಬಡಿದುಕೊಂಡಳು. ‘ಸಂಜಿಗೆ ಹೊಳಲ್ಕೆರೆಯಿಂದ ಗಂಡಿನೋರು ಬರ್ತಾರೆ. ಕಂಬ ಬಿದ್ದೈತೆ ಅಂದ್ರೆ ಅಪಶಕುನ ಅಂತ ಹಂಗೇ ವಾಪಸ್ ಹೋಗ್ತಾರಲ್ಲಪ್ಪೋ!’

ಮೂರ್ತಪ್ಪ ಓಡಿ ಬಂದು ಕಂಬ ತಬ್ಬಿ ಹಿಡಿದ. ಜಯಕ್ಕ ಇಳಿಯಲೆಂದು ಕಾಲು ಚಾಚಿದಳು. ನೆಲ ಇನ್ನೂ ಕೆಳಗೆ ಹೋಗಿತ್ತು.

‘ಜಯಾ, ಇಳೀಬ್ಯಾಡ!’ ಹುಚ್ಚಕ್ಕ ಕೂಗಿದಳು. ‘ನೀನೂ ಇಳಿದ್ರೆ ಚಪ್ಪರ ಬುಡಸಮೇತ ಕಿತ್ಕಂಡು ಹೋಗ್ತೈತೆ!’

ಹೀಗೆ ಸೋದರತ್ತೆ ಚಪ್ಪರದ ಕೆಳಗೆ, ಎಲ್ಲರ ತಲೆಗಿಂತ ಎತ್ತರದಲ್ಲಿ, ವೀಳ್ಯದೆಲೆ ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದಳು. ‘ಇಳಿಸಲ್ಲ ಅಂತ ಮಾತು ಕೊಟ್ಟಿದ್ರಲ್ಲ, ಕೊನಿಗೂ ಇಳಿಸ್ಲೇ ಇಲ್ಲ ನೋಡ್ರಿ’ ಎಂದಳು ಗಂಡನಿಗೆ. ಶಾಂತಕ್ಕ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಒಳಗಿಂದ ನಗು ಕೇಳಿಸಿತು.

ಚಿತ್ರಲಿಂಗಪ್ಪ ನಾಚಿಕೆಯಿಂದ ಕುಗ್ಗಿಹೋದ. ‘ಏನಿಲ್ಲ, ಏನಿಲ್ಲ. ಇಳಿದೋರೆಲ್ಲ ಮತ್ತೆ ಹತ್ರಿ. ಜೀಪ್ ಕುಸಿಯುತ್ತೆ, ಹಿಂದಕ್ಕೆ ತೆಗೀತೀನಿ’ ಎಂದು ನೆಂಟರನ್ನು ಬೇಡಿಕೊಂಡ.

‘ಮತ್ತೆ ಅದಕ್ಕಾ?’ ವಾಂತಿ ಮಾಡಿದವರು ಹೇಳಿದರು. ‘ಚಪ್ಪರ ಅಲ್ಲ, ಆಕಾಶ ಬೀಳ್ಲಿ, ನಾನು ಹತ್ತಲ್ಲ.’ ಉಳಿದವರು ಅಷ್ಟರಲ್ಲೇ ಊಟದ ಸಾಲಿನಲ್ಲಿ ಎಲೆ ಹಿಡಿದು ಕೂತಿದ್ದರು. ಎಲೆ ಮುಂದೆ ಕೂತವನನ್ನು ಎಬ್ಬಿಸುವ ಗಂಡು ಆ ಸೀಮೆಯಲ್ಲಿ ಹುಟ್ಟಿಲ್ಲ.

ಮುಖ ಉಳಿಸಿಕೊಳ್ಳಲು ಚಿತ್ರಲಿಂಗಪ್ಪನ ಬಳಿ ಒಂದೇ ಒಂದು ಮಾತು ಉಳಿದಿತ್ತು. ‘ಅದೇನೇ ಆಗ್ಲಿ ಮೂರ್ತಪ್ಪ, ಹಳ್ಳದ ಬಂಡೆ ಮೇಲೆ ಹನ್ನೊಂದು ಜನನ್ನ ಕೂರಿಸ್ಕಂಡು ಹಾರಿಸಿದೀನಿ. ಕೂದಲೆಳೆಯಷ್ಟೂ ತಾಗ್ಲಿಲ್ಲ!’

ಮೂರ್ತಪ್ಪ ಕಂಬ ಹಿಡಿದುಕೊಂಡೇ ಅವನನ್ನು ನೋಡಿದ. ‘ಯಾವ ಬಂಡೆ ಭಾವ?’

‘ಹೊಂಗೆಮರದ ಹತ್ರ ಇಲ್ವಾ, ಅದೇ.’

‘ಅದಾ? ಅಕ್ಕ ಕಾರ್ಡ್ ಬರ್ದಿದ್ಲು, ಕೀಳ್ಸಿ ಹಾಕು ಅಂತ. ನಾವು ನಾಲ್ಕು ದಿನದ ಹಿಂದೇನೇ ಕಿತ್ತು ತಂದ್ವಲ್ಲ. ಬಟ್ಟೆ ಒಗಿಯಾಕೆ ಚೆಂದಾಗೈತೆ ಅಂತ ಬಚ್ಚಲ ಹತ್ರ ಹಾಕಿದೀವಿ. ಎರಡು ಹಾರೆ, ಆರು ಆಳು ಬೇಕಾಯ್ತು.’

ಚಿತ್ರಲಿಂಗಪ್ಪ ಬಚ್ಚಲ ಕಡೆ ನೋಡಿದ. ಬಂಡೆ ಅಲ್ಲಿತ್ತು. ಅದರ ಮೇಲೆ ಯಾರದೋ ಲಂಗೋಟಿ ಒಣಗುತ್ತಿತ್ತು. ಆಮೇಲೆ ಹೆಂಡತಿಯ ಕಡೆ ನೋಡಿದ. ಹಳ್ಳ ದಾಟುವಾಗ ಕಂಡ ಅದೇ ನಗು ಅವಳ ಮುಖದಲ್ಲಿತ್ತು.

‘ನಾಲ್ಕು ಆಳು ಅಂದಿದ್ದೆ. ಆರು ಬೇಕಾಯ್ತಂತೆ’ ಎಂದಳು ಜಯಕ್ಕ. ‘ನನ್ ಲೆಕ್ಕಾನೂ ತಪ್ಪೇ ಬಿಡ್ರಿ.’

ಮುಂದಿನ ಉಪಾಯ ಹೊಳೆದದ್ದು ಮುದುಕಿ ಹುಚ್ಚಕ್ಕನಿಗೆ. ‘ನಿಂತ್ಕಂಡು ಏನ್ ನೋಡ್ತೀರೋ? ಭಾರ ತಾನೇ ಬೇಕು? ಆ ಕಲ್ಲೇ ತಂದು ಹಾಕ್ರಿ!’ ಆರು ಜನ ಬಂದು ಲಂಗೋಟಿ ತೆಗೆದು, ಉಸ್ಸಪ್ಪಾ ಐಸಾ ಎಂದು ಬಂಡೆಯನ್ನು ಜೀಪಿನ ಹಿಂದೆ ಏರಿಸಿದರು. ಜೀಪು ತೆಪ್ಪಗೆ ಕುಸಿಯಿತು. ಅಡ್ಡಬಿದಿರು ತನ್ನ ಜಾಗಕ್ಕೆ ಬಂತು, ಹಾಲುಗಂಬ ನೆಟ್ಟಗಾಯಿತು. ಮೂರ್ತಪ್ಪನೇ ಚಕ್ರ ಹಿಡಿದು ಜೀಪನ್ನು ಹಿಂದಕ್ಕೆ ತೆಗೆದ. ಗಿರಣಿ ಅಳಿಯಂದಿರು ಊರ ಗಡಿ ದಾಟುವ ತನಕ ಅದನ್ನು ಮುಟ್ಟಬಾರದು, ಮದುವೆ ಮುಗಿಯುವ ತನಕ ಕಲ್ಲು ಇಳಿಯಬಾರದು ಎಂದು ಹುಚ್ಚಕ್ಕ ಅಪ್ಪಣೆ ಮಾಡಿದಳು.

ಮದುವೆ ಚೆನ್ನಾಗಿಯೇ ಆಯಿತು. ಮೂರನೆಯ ದಿನ ಹೊರಟಾಗ ಆ ಆರು ಜನ ಹೋಳಿಗೆ ತಿಂದು ಎಲ್ಲೆಲ್ಲೋ ಮಲಗಿದ್ದರು. ‘ಕಲ್ಲು ಇರ್ಲಿ ಬಿಡು ಭಾವ, ಅಕ್ಕಂಗೆ ಜೀಪ್ ಹತ್ತಾಕಾದ್ರೂ ಆಗ್ತೈತೆ’ ಎಂದ ಮೂರ್ತಪ್ಪ. ಜೊತೆಗೆ ಬಂದಿದ್ದ ಒಂಬತ್ತು ಜನರೂ ಬಸ್ಸು ಹಿಡಿದಿದ್ದರು. ಹಾಗಾಗಿ ಮುಂದೆ ಜಯಕ್ಕ, ಹಿಂದೆ ಬಂಡೆ, ಬಂಡೆಯ ಪಕ್ಕದಲ್ಲಿ ಚಿತ್ರಲಿಂಗಪ್ಪ. ಗಡಿ ದಾಟಿಸಲು ಮೂರ್ತಪ್ಪ ಚಕ್ರ ಹಿಡಿದಿದ್ದ.

ಹಳ್ಳಕ್ಕೆ ಇಳಿದದ್ದೇ ತಡ, ಮೂರು ದಿನದ ನೀರು ಗಾಲಿಜಾಡಿನ ತನಕ ಕೊರೆದು ಅಗಲ ಮಾಡಿದ್ದ, ಬಂಡೆ ಕಿತ್ತ ಗುಂಡಿಯಲ್ಲೇ ಹಿಂದಿನ ಗಾಲಿ ಹೂತು ಗಿರಗಿರ ತಿರುಗತೊಡಗಿತು.

‘ಭಾರ ಜಾಸ್ತಿ ಆಯ್ತು’ ಎಂದ ಮೂರ್ತಪ್ಪ. ‘ಒಬ್ರು ಯಾರಾದ್ರೂ ಇಳಿದು ನೂಕಬೇಕು.’

ಚಿತ್ರಲಿಂಗಪ್ಪ ಹಳೇ ಅಭ್ಯಾಸದಿಂದ ಹೆಂಡತಿಯ ಕಡೆ ನೋಡಿದ.

‘ಬಂಡೆನೇ ಇಳೀದೆ ಕುಂತೈತೆ, ನಾನ್ಯಾಕೆ ಇಳೀಲಿ?’ ಎಂದಳು ಜಯಕ್ಕ, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ.

ಚಿತ್ರಲಿಂಗಪ್ಪ ಪಂಚೆ ಎತ್ತಿ ಕಟ್ಟಿದ, ಚಪ್ಪಲಿ ಬಿಚ್ಚಿದ, ಧುಮುಕಿದ. ನೂಕಿದ ಹೊಡೆತಕ್ಕೆ ಜೀಪು ಗುಂಡಿಯಿಂದ ಎದ್ದು, ಅವನ ಮುಖಕ್ಕೆ ಒಂದು ಬುಟ್ಟಿ ಕೆಸರು ಎರಚಿ ಆಚೆ ದಡ ಹತ್ತಿತು. ಚಪ್ಪಲಿ ಕೈಯಲ್ಲಿ ಹಿಡಿದು ಪಚಪಚ ಎಂದು ಹಳ್ಳ ದಾಟಿ ಅವನು ಮೇಲೆ ಬರುವ ತನಕ ಜಯಕ್ಕ ಕಾದು, ಅವನ ಕಾಲು ನೋಡಿ, ಕೇಳಿದಳು:

‘ಜೀಪಿನಾಗೆ ಬಂದ್ರೋ, ನಾಟಿ ಮಾಡ್ಕಂಡು ಬಂದ್ರೋ?’