ಎದುರಂಗಡಿಯ ಬೆಲೆ

ತೊಂದರೆಗೆಲ್ಲ ಮೂಲ ಅವನ ಕಿವಿಗಳು. ಬಾಯಲ್ಲಿ ಸಣ್ಣದೊಂದು ಸುಳ್ಳು ಬಂದರೂ ಸಾಕು, ಆಗತಾನೆ ಕುಲುಮೆಯಿಂದ ತೆಗೆದ ಕಬ್ಬಿಣದ ಹಾಗೆ ಎರಡೂ ಕೆಂಪಾಗಿಬಿಡುತ್ತಿದ್ದವು. ಶಾಲೆಯಲ್ಲಿ ಅಂಟಿದ 'ಕೆಂಪುಗಿವಿ' ಎಂಬ ಅಡ್ಡಹೆಸರು ಅವನ ಜೊತೆಗೇ ಬೆಳೆದು, ಅವನ ಜೊತೆಗೇ ವಿಡಿಯೋ ಗೇಮ್ ಅಂಗಡಿಯ ಕೆಲಸಕ್ಕೂ ಸೇರಿತ್ತು. ಊರಲ್ಲಿ ಬೇರೆ ಯಾರೂ ಇಲ್ಲವೆಂಬಂತೆ ಅಂಗಡಿಯ ಯಜಮಾನರು ಅವನನ್ನೇ ಬೇಹುಗಾರಿಕೆಗೆ ಆರಿಸಿದರು.

"ಲೋ, ಎದುರಂಗಡಿಗೆ ಹೋಗಿ ಹೊಸ ಕಡಲುಗಳ್ಳರ ಆಟ ಎಷ್ಟು ಅಂತ ಕೇಳ್ಕೊಂಡು ಬಾ. ನಾವು ಅದಕ್ಕಿಂತ ಹತ್ತು ಕಮ್ಮಿ ಬರಿಯೋಣ."

"ನಾನಾ ಸಾರ್? ನನ್ನ ಕಿವಿ..."

"ಅದಕ್ಕೇ ಇದು," ಎಂದು ಯಜಮಾನರು ದಪ್ಪ ಉಣ್ಣೆ ಟೋಪಿಯೊಂದನ್ನು ಅವನ ತಲೆಗೆ ಸಿಕ್ಕಿಸಿ, ಚೀಲದ ಬಾಯಿ ಮುಚ್ಚುವ ಹಾಗೆ ಕೆಳಗೆಳೆದರು. "ಬೆಲೆ ತಿಳ್ಕೊಳ್ದೆ ಬಂದ್ಯೋ, ನಾಳೆಯಿಂದ ಬರಲೇಬೇಡ."

ಹೊರಗೆ ಬಿಸಿಲು ರಸ್ತೆಯ ಡಾಂಬರನ್ನೇ ಕರಗಿಸುತ್ತಿತ್ತು. ಆಟ ಬಿಡುಗಡೆಯಾದ ದಿನ. ಎರಡೂ ಅಂಗಡಿಗಳ ಮುಂದೆ ಜನ ನಿಂತಿದ್ದರು. ಯಜಮಾನರ ಹಲಗೆಯ ಮೇಲೆ 'ಹೊಸ ಆಟದ ಬೆಲೆ' ಎಂದಷ್ಟೇ ಬರೆದಿತ್ತು. ಅದರ ಮುಂದೆ ಖಾಲಿ.

ರಸ್ತೆ ದಾಟುವ ಮೊದಲು ಅವನು ಅತ್ತಿತ್ತ ನೋಡಿದ. ಬಸ್ಸಿಗಾಗಿ ಅಲ್ಲ, ಹಳದಿ ಕೊಡೆಗಾಗಿ. ಕೆಲವು ವಾರಗಳಿಂದ ದಿನವೂ ಹಳದಿ ಕೊಡೆ ಹಿಡಿದ ಹುಡುಗಿಯೊಬ್ಬಳು ಅವನ ಕೌಂಟರಿಗೆ ಬರುತ್ತಿದ್ದಳು. ತಲೆ ತಗ್ಗಿಸಿ ಒಂದೊಂದೇ ಆಟದ ಬೆಲೆ ಕೇಳುವಳು. "ಯೋಚ್ನೆ ಮಾಡಿ ಬರ್ತೀನಿ" ಎಂದು ಹೋಗುವಳು. ಮರುದಿನ ಮತ್ತೆ ಬರುವಳು. ಏನನ್ನೂ ಕೊಳ್ಳದೆ ಒಬ್ಬಳು ದಿನವೂ ಯಾಕೆ ಬರುತ್ತಾಳೆ? ಅವನು ಯೋಚಿಸಿ ಯೋಚಿಸಿ ಒಂದೇ ತೀರ್ಮಾನಕ್ಕೆ ಬಂದಿದ್ದ. ಬೈತಲೆಯನ್ನು ಎಡದಿಂದ ಬಲಕ್ಕೆ ಬದಲಿಸಿದ್ದ. "ಅಮ್ಮಾ, ಒಂದು ವಿಷಯ ಹೇಳೋದಿದೆ, ಇನ್ನೊಂದು ವಾರ ತಡಿ" ಎಂದು ಮನೆಯಲ್ಲೂ ಹೇಳಿಟ್ಟಿದ್ದ. ಈ ಟೋಪಿಯಲ್ಲಿ ಅವಳ ಕಣ್ಣಿಗೆ ಬೀಳದಿದ್ದರೆ ಸಾಕು.

ಎದುರಂಗಡಿಯ ಒಡತಿ ದಪ್ಪ ಕನ್ನಡಕದ ಹೆಂಗಸು. ಡಬ್ಬಿಗಳ ಧೂಳು ಒರೆಸುತ್ತಲೇ ಕೇಳಿದಳು:

"ಏನು ಬೇಕಪ್ಪ?"

"ಹೊಸ ಆಟ... ಎಷ್ಟಮ್ಮಾ? ಅಣ್ಣನ ಮಗನಿಗೆ."

ಅವನಿಗೆ ಅಣ್ಣನೇ ಇರಲಿಲ್ಲ. ಟೋಪಿಯೊಳಗೆ ಕಿವಿಗಳು ಹೊತ್ತಿಕೊಂಡವು.

"ಈ ಸೆಕೇಲಿ ಟೋಪಿ ಯಾಕೋ?"

"ನೆಗಡಿ."

ಬೆವರು ಮೂಗಿನ ತುದಿಯಿಂದ ಕೌಂಟರಿನ ಗಾಜಿನ ಮೇಲೆ ತೊಟ್ಟಿಕ್ಕಿತು. ಒಡತಿ ಅದನ್ನೂ ಒರೆಸಿದಳು. "ಬೆಲೆ ಸಂಜೆ ಬರೀತೀವಿ," ಎಂದು ಹಲಗೆ ತೋರಿಸಿದಳು. ಅಲ್ಲೂ ಖಾಲಿ.

ಅಷ್ಟರಲ್ಲಿ ಜನರನ್ನು ಮೊಣಕೈಯಿಂದ ಸರಿಸುತ್ತ ಒಳಬಂದದ್ದು ಅವನ ಮನೆಯ ಮೇಲಿನ ಮಹಡಿಯಲ್ಲಿದ್ದ ದೊಡ್ಡಮ್ಮ. ಆ ಕಟ್ಟಡದಲ್ಲಿ ಯಾರಿಗೆ ಕೆಮ್ಮು ಬಂದರೂ ಕೆಮ್ಮಿದವರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಅವನು ಗೋಡೆಗೆ ಒತ್ತಿಕೊಂಡು ನಿಂತ.

"ಆ ಕಡಲುಗಳ್ಳರದ್ದು ಒಂದು ಎತ್ತಿಡಮ್ಮಾ. ಬೆಲೆ ಎಷ್ಟಾದ್ರೂ ಆಗ್ಲಿ. ಮೊಮ್ಮಗ ಊಟದಲ್ಲೂ ಅದೇ, ನಿದ್ದೇಲೂ ಅದೇ."

"ಮನೇಲಿರೋದು ಕರಿ ಪೆಟ್ಟಿಗೆ ತಾನೇ?"

"ಯಾವುದೋ ಒಂದು. ಪೆಟ್ಟಿಗೆ ಅಂದ್ಮೇಲೆ ಪೆಟ್ಟಿಗೆ!"

ಅಲ್ಲೇ ಇದ್ದದ್ದು ಕಷ್ಟ. ಟಿವಿಗೆ ಸಿಕ್ಕಿಸಿ ಆಟ ಆಡುವ ಆ ಕರಿ ಪೆಟ್ಟಿಗೆ ಮಾಡುವ ಕಂಪನಿ ಕಡಲುಗಳ್ಳರನ್ನು ತನ್ನ ಮನೆಗೇ ಕಟ್ಟಿಹಾಕಿಕೊಂಡಿತ್ತು. ಬಿಳಿ ಪೆಟ್ಟಿಗೆಗೆ ಹಾಕಿದರೆ ಆ ಆಟ ಮಿಸುಕುವುದೂ ಇಲ್ಲ. ದೊಡ್ಡಮ್ಮನ ಮನೆಯಲ್ಲಿದ್ದದ್ದು ಬಿಳಿಯದು. ಅದು ಕೆಂಪುಗಿವಿಗೆ ಚೆನ್ನಾಗಿ ಗೊತ್ತಿತ್ತು, ಅವನೇ ಮಾರಿದ್ದ.

ಬಾಗಿಲು ಎರಡೇ ಹೆಜ್ಜೆ ದೂರವಿತ್ತು. ಸುಮ್ಮನೆ ಜಾರಿಕೊಳ್ಳಬಹುದಿತ್ತು. ಆದರೆ ಮೆಟ್ಟಿಲ ಮೇಲೆ ಕೂತು ದಾರಿ ಕಾಯುವ ಮೊಮ್ಮಗನ ಮುಖ ನೆನಪಾಯಿತು.

"ದೊಡ್ಡಮ್ಮಾ, ಅದು ನಿಮ್ಮ ಪೆಟ್ಟಿಗೇಲಿ ಓಡಲ್ಲ!"

ದೊಡ್ಡಮ್ಮ ತಿರುಗಿದರು. "ಈ ದನಿ ಗೊತ್ತಲ್ಲ ನಂಗೆ!" ಎಂದವರೇ ಕೈ ಚಾಚಿ ಟೋಪಿ ಕಿತ್ತರು. ಎರಡು ಕಿವಿಗಳು ದೀಪ ಹಚ್ಚಿದಂತೆ ಹೊರಬಂದವು.

"ಅಯ್ಯೋ, ಎದುರಂಗಡಿಯ ಕೆಂಪುಗಿವಿ! ನೀನಿಲ್ಲೇನೋ ಮಾಡ್ತಿದೀಯ? ಏನಂದೆ, ಓಡಲ್ವಾ? ಎಲ್ಲಾ ಆಟಾನೂ ಬಿಳೀದ್ರಲ್ಲೇ ಬರುತ್ತೆ ಅಂತ ಅವತ್ತು ಹೇಳಿದ್ದು ಯಾರು?"

"ಯಜಮಾನ್ರು ಹಾಗೆ ಹೇಳು ಅಂದಿದ್ರು, ದೊಡ್ಡಮ್ಮಾ."

"ಅವತ್ತೂ ಕಿವಿ ಹಿಂಗೇ ಕೆಂಪಗಿತ್ತು ಕಣ್ರೀ! ಪಾಪ, ಸೆಕೆ ಅನ್ಕೊಂಡು ನಾನೇ ಬೀಸಣಿಗೆ ಬೀಸಿದ್ದೆ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಗದೆ ಇದ್ದವಳು ಒಡತಿ ಒಬ್ಬಳೇ. ಅವಳು ದೊಡ್ಡಮ್ಮನನ್ನು ಸಮಾಧಾನ ಮಾಡಿ ಕಳಿಸಿ, ಅವನಿಗೆ ಸ್ಟೂಲು ಎಳೆದುಕೊಟ್ಟು ಒಂದು ಲೋಟ ನೀರಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು. ಅವನು ತಲೆ ತಗ್ಗಿಸಿ ಲೋಟ ಎತ್ತಿಕೊಂಡ.

"ನಾಚ್ಕೋಬೇಡಪ್ಪ. ನಾವೂ ಕಳಿಸ್ತೀವಿ. ನಮ್ಮ ಹುಡುಗಿ ದಿನಾ ನಿಮ್ಮಂಗಡಿಗೆ ಬರ್ತಿರಲಿಲ್ವಾ? ಹಳದಿ ಕೊಡೆ?"

ಲೋಟ ಅವನ ಕೈಯಲ್ಲೇ ನಿಂತಿತು.

"ಇವತ್ತು ಬೆಳಿಗ್ಗೆ ಕೆಲಸ ಬಿಟ್ಟು ಹೋದ್ಲು. ಆ ಕೌಂಟರಿನವರು ಪಾಪ ಬೈತಲೆ ಬದಲಾಯಿಸ್ಕೊಂಡು ನಗ್ತಾ ನಿಂತಿರ್ತಾರೆ, ಅವರ ಮುಂದೆ ಇನ್ನು ನಾಟಕ ಆಡಕ್ಕಾಗಲ್ಲ ಅಂದ್ಲು."

ಅವನ ಕೈ ತಾನಾಗಿ ತಲೆಯತ್ತ ಹೋಗಿ ಕೂದಲನ್ನು ಕೆದರಿತು. ಸುಳ್ಳು ಹೇಳದೆಯೂ ಕಿವಿ ಕೆಂಪಾಗಬಹುದೆಂದು ಅವನಿಗೆ ಮೊದಲ ಸಲ ತಿಳಿಯಿತು.

"ನಷ್ಟ ಆದ್ರೂ ನೀನು ಗಿರಾಕಿಗೆ ನಿಜ ಹೇಳ್ದೆ. ನಂಗೆ ಅಂಥವನೇ ಬೇಕು. ಅವಳ ಜಾಗಕ್ಕೆ ಬರ್ತೀಯಾ? ಇಲ್ಲಿ ಸುಳ್ಳು ಹೇಳೋ ಹಾಗಿಲ್ಲ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಅವನು ಟೋಪಿ ಹಿಡಿದು ರಸ್ತೆ ದಾಟಿ ಓಡಿದ. ಯಜಮಾನರ ಮುಂದೆ ಟೋಪಿಯನ್ನಿಟ್ಟು, ಬಾಳಿನಲ್ಲೇ ಮೊದಲ ಬಾರಿ ಗಟ್ಟಿ ದನಿಯಲ್ಲಿ, "ಕೆಲಸ ಬಿಡ್ತೀನಿ ಸಾರ್" ಎಂದ.

"ಬಿಡೋ ಮಾರಾಯ. ನೀನು ಆ ಕಡೆ ದಾಟ್ತಿದ್ದ ಹಾಗೇ ಬೇರೆಯವರು ಬಂದ್ರು. ಒಳಗೆ ಡಬ್ಬಿ ಜೋಡಿಸ್ತಿದಾರೆ. ಇಲ್ಲಿ ನಾಟಕದ ಕೆಲಸ ಇಲ್ಲ ತಾನೇ ಅಂತ ಕೇಳಿದ್ರು. ಛೆ ಛೆ, ಇಲ್ಲವೇ ಇಲ್ಲ ಅಂದೆ. ಟೋಪಿ ಅಲ್ಲೇ ಇಟ್ಟು ಹೋಗು, ಬೇಕಾಗುತ್ತೆ."

ಅವನು ಹಗುರಾಗಿ ಹೊಸ ಅಂಗಡಿಗೆ ಮರಳಿದ. ಒಡತಿ ಖಾಲಿ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಳು.

"ಬಂದ್ಯಾ? ಒಳ್ಳೇದಾಯ್ತು. ಹಾಗೇ ಎದುರಂಗಡಿಗೆ ಹೋಗಿ ಬೆಲೆ ಎಷ್ಟು ಅಂತ ಕೇಳ್ಕೊಂಡು ಬಾ. ನಾವು ಹತ್ತು ಕಮ್ಮಿ ಬರಿಯೋಣ."

"ಅಮ್ಮಾ, ಸುಳ್ಳು ಹೇಳೋ ಹಾಗಿಲ್ಲ ಅಂದ್ರಿ?"

"ಬೆಲೆ ಕೇಳೋದು ಸುಳ್ಳು ಹೇಗಾಗುತ್ತಪ್ಪಾ? ತಗೋ, ಮುಖಕ್ಕೆ ಅಡ್ಡ ಹಿಡ್ಕೋ." ಮೂಲೆಯಿಂದ ಏನನ್ನೋ ತೆಗೆದು ಅವನ ಕೈಗಿತ್ತಳು.

ಹಳದಿ ಕೊಡೆ.

ನಡುರಸ್ತೆಯವರೆಗೆ ಅವನು ತನ್ನ ಚಪ್ಪಲಿಯನ್ನೇ ನೋಡುತ್ತ ನಡೆದ. ಎದುರಿನಿಂದ ಇನ್ನೊಂದು ಜೊತೆ ಚಪ್ಪಲಿ ಬಂದು ನಿಂತಿತು. ಕೊಡೆ ಎತ್ತಿ ನೋಡಿದರೆ, ಉರಿಬಿಸಿಲಲ್ಲಿ ಹುಬ್ಬಿನವರೆಗೂ ಎಳೆದುಕೊಂಡ ಅದೇ ಉಣ್ಣೆ ಟೋಪಿ. ಅದರೊಳಗೆ, ದಿನವೂ ಹಳದಿ ಕೊಡೆಯ ಕೆಳಗೆ ಕಾಣುತ್ತಿದ್ದ ಮುಖ.

"ನಿಮಗೆ ನಿಜ ಹೇಳಿಬಿಡೋಣ ಅಂತ ಹೋಗಿದ್ದೆ," ಎಂದಳು ಅವಳು, ಕೊಡೆಯ ಹಿಡಿಯನ್ನು ನೋಡುತ್ತ. "ನೀವಿರಲಿಲ್ಲ. ಅವರು ಕೆಲಸ ಕೊಟ್ರು."

"ಟೋಪೀನೂ."

"ಹೂಂ." ಬೆವರು ಒರೆಸಿಕೊಂಡು ಮೆಲ್ಲನೆ ಕೇಳಿದಳು, "ನಿಮ್ಮಲ್ಲಿ... ಎಷ್ಟು?"

"ಯಾವ ನಮ್ಮಲ್ಲಿ?"

ಅವಳು ಒಮ್ಮೆ ಆ ಅಂಗಡಿ, ಒಮ್ಮೆ ಈ ಅಂಗಡಿ ನೋಡಿದಳು.

"ಆ ಕಡೆ ಇನ್ನೂ ಬರ್ದಿಲ್ಲ," ಎಂದ ಅವನು, ತನ್ನ ಬೆನ್ನ ಹಿಂದಿನ ಅಂಗಡಿ ತೋರಿಸಿ.

"ಈ ಕಡೇನೂ ಬರ್ದಿಲ್ಲ."

ಎರಡೂ ಬಾಗಿಲುಗಳಲ್ಲಿ ಎರಡು ಸೀಮೆಸುಣ್ಣಗಳು ಕಾಯುತ್ತಿದ್ದವು. ಬಿಳಿ ಪೆಟ್ಟಿಗೆಯನ್ನು ಹಿಂದಿರುಗಿಸಲು ಕಂಕುಳಲ್ಲಿ ಇರುಕಿಕೊಂಡು ಬರುತ್ತಿದ್ದ ದೊಡ್ಡಮ್ಮ ಪಾದಚಾರಿ ದಾರಿಯಲ್ಲೇ ನಿಂತುಬಿಟ್ಟರು. ಇಡೀ ರಸ್ತೆಗೆ ಕೇಳುವಂತೆ ಕೂಗಿದರು:

"ಲೋ ಕೆಂಪುಗಿವಿ! ಟೋಪಿ ಹೋಗಿ ಕೊಡೆ ಬಂತೇನೋ? ನಿಮ್ಮಮ್ಮನಿಗೆ ಹೇಳೋದಿದೆ ಅಂತಿದ್ಯಲ್ಲ, ಅದೇ ವಿಷಯಾನಾ ಇದು? ಇರು, ನಾನೇ ಹೋಗಿ ಹೇಳ್ತೀನಿ!"