ಪ್ರಾರ್ಥನೆ ಹಿಂತೆಗೆದುಕೊಳ್ಳುವ ಕ್ರಮ

ಮನುಷ್ಯಕುಲವನ್ನು ಆದಿಯಿಂದಲೂ ಕಾಡುತ್ತ ಬಂದಿರುವ ಪ್ರಶ್ನೆಗಳಲ್ಲಿ ದೇವರಿದ್ದಾನೆಯೋ ಇಲ್ಲವೋ ಎಂಬುದಕ್ಕಿಂತ ಗಹನವಾದದ್ದು ಇನ್ನೊಂದಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಮಾತ್ರ ಅದಕ್ಕೆ ಎರಡನೆಯ ಸ್ಥಾನ. ಮೊದಲನೆಯದು, ಇವತ್ತು ನೀರಿನ ಟ್ಯಾಂಕರ್ ಬರುತ್ತದೋ ಇಲ್ಲವೋ. ದೇವರ ಪ್ರಶ್ನೆಯನ್ನು ಬಗೆಹರಿಸುವ ಹೊಣೆಯನ್ನು ಸೊಸೈಟಿಯ ಯಾವ ಮೀಟಿಂಗೂ ನಮಗೆ ವಹಿಸಿಲ್ಲ. ಆದರೂ ನಾನು ಮತ್ತು ಮೂರನೆಯ ಮಹಡಿಯ ಈಶ್ವರಪ್ಪ ಬಿರಾದಾರರು ಎಷ್ಟೋ ವರ್ಷಗಳಿಂದ ಸಂಜೆ ಹೊತ್ತು ಗೇಟಿನ ಪಕ್ಕದ ಸಿಮೆಂಟು ಬೆಂಚಿನ ಮೇಲೆ ಕೂತು ಅದನ್ನು ವಿಚಾರಣೆಗೆ ತೆಗೆದುಕೊಳ್ಳುತ್ತೇವೆ. ಕತ್ತಲಾಗಿ ಸೊಳ್ಳೆ ಕಚ್ಚತೊಡಗಿದ ಮೇಲೆ ಮುಂದೂಡುತ್ತೇವೆ.

ನಾನು ಉಡುಪಿ ಕಡೆಯ ಪ್ರೊಟೆಸ್ಟೆಂಟ್ ಕ್ರೈಸ್ತ. ಹೆಸರು ಜಯವಂತ ಕರ್ಕಡ. ಮನೆಯಲ್ಲಿ ಮಾತು ತುಳುವಿನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ, ರಿಕ್ಷಾದವರ ಜತೆ ಜಗಳ ಹಿಂದಿಯಲ್ಲಿ. ಬಿರಾದಾರರು ವಿಜಯಪುರದವರು. ಇಲ್ಲಿಯ ಕೈಗಾರಿಕಾ ವಲಯದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು. ತಂದೆತಾಯಿ ಇಟ್ಟ ಹೆಸರಿನಲ್ಲಿ ಈಶ್ವರನಿದ್ದಾನೆ; ಅವರ ಪ್ರಕಾರ ಈಶ್ವರನಿರುವುದು ಅಲ್ಲೊಂದೇ ಕಡೆ. ಅಪ್ಪಟ ನಾಸ್ತಿಕ. ಯಾವ ದೇವರ ಮೇಲೂ ಅವರಿಗೆ ವಿಶೇಷ ದ್ವೇಷವಿಲ್ಲ, ಎಲ್ಲ ದೇವರನ್ನೂ ಸಮಾನವಾಗಿ ಇಲ್ಲವೆನ್ನುತ್ತಾರೆ. ಗಣಪತಿ ಮಂಡಳಿಯವರು ಬಂದಾಗಲೂ, ನಾನು ಕ್ರಿಸ್ಮಸ್ ಕೇಕು ಒಯ್ದಾಗಲೂ ಅವರದು ಒಂದೇ ಮಾತು: "ಸಿಹಿ ಇಡ್ರಿ, ಮಾತು ಒಯ್ರಿ."

ನಾವಿಬ್ಬರೂ ಒಬ್ಬರನ್ನೊಬ್ಬರು ಹೇಗೆ ಕಾಣುತ್ತೇವೆ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಅವರ ದೃಷ್ಟಿಯಲ್ಲಿ ನಾನು ಎಲ್ಲ ವಿಷಯದಲ್ಲೂ ಬುದ್ಧಿವಂತ. ಹಾಲಿಗೆ ನೀರು ಬೆರೆಸಿದ್ದಾರೆಂದು ಸಂಶಯಪಡುತ್ತೇನೆ, ರೈಲ್ವೆಯ ಸೂಚನಾಫಲಕವನ್ನು ನಂಬುವುದಿಲ್ಲ, ಸೊಸೈಟಿಯ ಸೆಕ್ರೆಟರಿ ಹೇಳಿದ್ದನ್ನಂತೂ ಎರಡು ಕಡೆ ವಿಚಾರಿಸದೆ ಒಪ್ಪುವುದಿಲ್ಲ. ಇಂಥ ಮನುಷ್ಯನಿಗೆ ಭಾನುವಾರ ಬೆಳಗಾದರೆ ಅದೇನಾಗುತ್ತದೆ ಎಂಬುದೇ ಅವರ ಚಿಂತೆ. ನನ್ನ ದೃಷ್ಟಿಯಲ್ಲಿ ಅವರು ಸುಳ್ಳಾಡದವರು, ನೆರೆಯವರ ಕಷ್ಟಕ್ಕೆ ಓಡಿಬರುವವರು, ಒಟ್ಟಿನಲ್ಲಿ ನಮ್ಮ ಚರ್ಚಿನ ಸಭೆಯ ಅರ್ಧ ಮಂದಿಗಿಂತ ಒಳ್ಳೆಯ ಕ್ರೈಸ್ತರು. ಆ ಸಂಗತಿ ಅವರ ಗಮನಕ್ಕೆ ಬಂದಿಲ್ಲ ಅಷ್ಟೆ. ಹೀಗೆ ಒಬ್ಬರ ಬಗ್ಗೆ ಒಬ್ಬರು ಕನಿಕರಪಡುತ್ತ, ಹುಲ್ಲಿನಲ್ಲಿಟ್ಟ ಮಾವಿನಕಾಯಿಯನ್ನು ನೋಡುವಂತೆ ಎದುರಿನವರು ಯಾವಾಗ ಹಣ್ಣಾಗುತ್ತಾರೋ ಎಂದು ಇಬ್ಬರೂ ಕಾಯುತ್ತಿದ್ದೇವೆ.

ಬೈಬಲ್ಲಿನಲ್ಲಿ ನಡೆದದ್ದಕ್ಕೆಲ್ಲ ಬಿರಾದಾರರು ನನ್ನನ್ನೇ ಜವಾಬ್ದಾರನನ್ನಾಗಿ ಮಾಡುತ್ತಾರೆ. "ಅಲ್ರೀ ಕರ್ಕಡರ, ಜಲಪ್ರಳಯದಾಗ ಹಡಗಿನ ಮ್ಯಾಲ ಆ ಸೊಳ್ಳಿ ಜೋಡಿ ಯಾಕ ಹತ್ತಿಸಿದ್ರಿ? ಅಲ್ಲೇ ಒಂದು ಏಟು ಹಾಕಿದ್ರ ಇವತ್ತು ಡೊಂಬಿವಲಿ ಉಳೀತಿತ್ತಲ್ಲ?" ಎಂದು ಕಾಲು ಕೆರೆದುಕೊಳ್ಳುತ್ತ ಕೇಳುತ್ತಾರೆ. ನಾನೂ ಬಿಡುವವನಲ್ಲ. "ಇಷ್ಟು ದೊಡ್ಡ ಪ್ರಪಂಚ ತಾನಾಗಿಯೇ ಆಯಿತು ಅಂತೀರಿ. ಹಾಗಾದರೆ ನಮ್ಮ ಸೊಸೈಟಿಯ ಈ ಗೇಟು ಯಾಕೆ ಮಾರಾಯರೇ ತಾನಾಗಿ ರಿಪೇರಿ ಆಗುವುದಿಲ್ಲ?" ಎನ್ನುತ್ತೇನೆ. ಗೇಟು ಇನ್ನೂ ಹಾಗೆಯೇ ಇರುವುದರಿಂದ ಈ ವಾದದಲ್ಲಿ ನನ್ನ ಕೈ ಸ್ವಲ್ಪ ಮೇಲಿದೆ.

ಹೀಗಿರುವಾಗ ಬಿರಾದಾರರ ಎದೆಯಲ್ಲಿ ನೋವು ಬಂತು. ಪರೀಕ್ಷೆಯಾಯಿತು, ರಕ್ತನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಮಾಡಲೇಬೇಕು ಎಂದರು. ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ದಿನ ಗೊತ್ತಾಯಿತು. ಸುದ್ದಿ ಕೇಳಿದ್ದೇ, ಆ ಬೆಂಚಿನ ಮೇಲೆ ನಾನೊಬ್ಬನೇ ಕೂತಿರುವ ಚಿತ್ರ ಕಣ್ಣಮುಂದೆ ಬಂದು, ಬೇಡವೆಂದರೂ ಹೋಗಲಿಲ್ಲ.

ನಮ್ಮದು ಸಣ್ಣ ಕನ್ನಡ ಸಭೆ. ಸ್ವಂತ ಚರ್ಚಿಲ್ಲ, ಮರಾಠಿಯವರ ಆರಾಧನೆ ಮುಗಿದ ಮೇಲೆ ಅವರ ಚರ್ಚಿನಲ್ಲೇ ನಮ್ಮದು ಶುರು. ಕರಾವಳಿಯ ನಾಲ್ಕಾರು ಸಂಸಾರ ಬಿಟ್ಟರೆ ಉಳಿದವರೆಲ್ಲ ರಬಾಳೆಯ ಕಾರ್ಖಾನೆಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯುವ ಕಲಬುರಗಿ, ರಾಯಚೂರು ಕಡೆಯವರು. ಉಪದೇಶದ ಪ್ರಸಂಗಕ್ಕೆ ಮುಂಚೆ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, "ಯಾರಿಗಾಗಿಯಾದರೂ ಪ್ರಾರ್ಥಿಸಬೇಕೇ?" ಎಂದು ಕೇಳುವ ಪದ್ಧತಿ. ಬೇಕಾದವರು ಎದ್ದುನಿಂತು ಹೇಳುವುದು, ಸಭೆಯೆಲ್ಲ ಕೂಡಿ ಪ್ರಾರ್ಥಿಸುವುದು. ಆ ಭಾನುವಾರ ನಾನು ಎದ್ದುನಿಂತು ನನ್ನ ನೆರೆಯವರಾದ ಈಶ್ವರಪ್ಪ ಬಿರಾದಾರರ ಹೃದಯಕ್ಕಾಗಿ ಎಂದೆ. ವೈದ್ಯಕೀಯ ಅರ್ಥದಲ್ಲಷ್ಟೇ ಹೇಳಿದ್ದೆ. ಆದರೆ ನಮ್ಮ ಸಭೆ ಯಾವುದನ್ನೂ ಅರ್ಧಂಬರ್ಧ ಮಾಡುವುದಿಲ್ಲ.

ಅಂದೇ ಸಂಜೆ ಎಸ್ತೇರಮ್ಮ ಎಂಬವರು ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು, ಬಾಳೆಹಣ್ಣು ಹಿಡಿದು, ನೇರವಾಗಿ ಬಿರಾದಾರರ ಬಾಗಿಲು ಬಡಿದರು. ಎಸ್ತೇರಮ್ಮ ರಾಯಚೂರು ಕಡೆಯವರು, ರಬಾಳೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ನೂರಾರು ಮಂದಿಗೆ ಒಟ್ಟಿಗೆ ಬೇಯಿಸಿ ಅಭ್ಯಾಸವಾದ್ದರಿಂದ ಅವರ ಪ್ರಾರ್ಥನೆಯೂ ದೊಡ್ಡ ಪಾತ್ರೆಯದು. "ಅಣ್ಣಾರ, ನೀವು ಏನೂ ಅಂಜಬ್ಯಾಡ್ರಿ, ನಿಮ್ಮ ಸಲುವಾಗಿ ಇಡೀ ಸಭಿ ಪ್ರಾರ್ಥನಾ ಮಾಡ್ಲಾಕತ್ತದ" ಎಂದರಂತೆ. ಬಿರಾದಾರರು ಮೂವರಿಗೂ ಚಹಾ ಕೊಡಿಸಿ, ಮೆಟ್ಟಿಲವರೆಗೆ ಬಂದು ಬೀಳ್ಕೊಟ್ಟು, ಆಮೇಲೆ ಎದೆ ಹಿಡಿದುಕೊಂಡು ನಿಧಾನವಾಗಿ ಇಳಿದು ನಮ್ಮ ಮನೆಗೆ ಬಂದರು.

"ಯಾರನ್ನ ಕೇಳಿ ಮಾಡಿಸಿದ್ರಿ?" ಎಂದರು.

ಪ್ರಾರ್ಥನೆಗೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ನಾನು ವಿನಯದಿಂದ ತಿಳಿಸಿದೆ.

"ಅಲ್ರೀ, ನಾ ಜೀವಮಾನ ಲ್ಯಾಬ್‌ನಾಗ ಕಳದಾವ. ಒಂದು ಗಾಜಿನ ಲೋಟದಾಗ ಎರಡು ರಸಾಯನ ಹಾಕಿದ್ರ ಬಣ್ಣ ಯಾವುದರಿಂದ ಬಂತು ಅಂತ ಹೆಂಗ ಹೇಳೋದು? ನಾಳಿ ನಾ ಉಳಕೊಂಡ್ನಿ ಅಂತ ತಿಳೀರಿ. ಪಾಪ, ಆ ಡಾಕ್ಟರ್ ತಾಸುಗಟ್ಟಲೆ ನಿಂತು ಹೊಲದಿರ್ತಾನ. ನಿಮ್ಮವ್ರು ಬಾಳಿಹಣ್ಣು ತಗೊಂಡು ಬಂದು, ನೋಡ್ರಿ ನಮ್ಮ ದೇವರು ಹೊಲದಾ ಅಂತಾರ. ಪ್ರಯೋಗ ಕೆಟ್ಟಹೋಗತೈತಿ. ವಾಪಸ್ ತಗೋರಿ."

"ಏನನ್ನು?"

"ಪ್ರಾರ್ಥನಾ. ಮತ್ತ ನೀವಂತೂ ಮಾಡೂದಿಲ್ಲ ಅಂತ ನನಗ ಮಾತು ಕೊಡ್ರಿ. ಆವಾಗ ಸಮಾಧಾನದಿಂದ ಮಲಕೋತೇನಿ ಆ ಟೇಬಲ್ ಮ್ಯಾಲ."

ಎದೆಯ ರೋಗಿ. ಉದ್ವೇಗಪಡಿಸಬಾರದೆಂದು ವೈದ್ಯರು ಹೇಳಿದ್ದರು. ಅದಲ್ಲದೆ, ಕೊಟ್ಟ ಮಾತಿಗೆ ತಪ್ಪದವನು ಎಂಬ ಒಂದು ಹೆಸರು ನನಗೆ ಹಿಂದಿನಿಂದಲೂ ಇದೆ. ಅದನ್ನು ಹುಟ್ಟಿಸಿದವನು ನಾನೇ ಆದ್ದರಿಂದ ಕಾಪಾಡಿಕೊಂಡು ಬರುವುದೂ ನನ್ನ ಕರ್ತವ್ಯವಾಗಿತ್ತು. ಮಾತು ಕೊಟ್ಟುಬಿಟ್ಟೆ.

ಮರುದಿನ ಅಯ್ಯನವರ ಹತ್ತಿರ ಹೋಗಿ, ಒಂದು ಪ್ರಾರ್ಥನೆಯನ್ನು ಹಿಂತೆಗೆದುಕೊಳ್ಳಬೇಕಾಗಿದೆ ಎಂದೆ. ಅವರು ಹೊಸದಾಗಿ ಬಂದ ತರುಣರು, ಯಾವ ಪ್ರಶ್ನೆಯನ್ನೂ ಹಗುರವಾಗಿ ತೆಗೆದುಕೊಳ್ಳುವವರಲ್ಲ. ಆರಾಧನೆಯ ಪುಸ್ತಕ ತೆರೆದು ಒಂದೊಂದೇ ಪುಟ ಹುಡುಕಿದರು. "ಕರ್ಕಡರೇ, ಸೇರಿಸಿಕೊಳ್ಳುವ ಕ್ರಮ ನಮ್ಮಲ್ಲಿದೆ. ಹಿಂತೆಗೆದುಕೊಳ್ಳುವ ಕ್ರಮ ಇಲ್ಲ. ಹೋದದ್ದು ಹೋಯಿತು" ಎಂದರು. ಎಸ್ತೇರಮ್ಮನಿಗೆ ಫೋನು ಮಾಡಿ, ಇನ್ನು ಮುಂದಾದರೂ ನಿಲ್ಲಿಸಬಹುದೇ ಎಂದು ಕೇಳಿದೆ. ಆ ಕಡೆಯಿಂದ ಯಾವುದೋ ದೊಡ್ಡ ಪಾತ್ರೆ ಉರುಳಿದ ಸದ್ದು ಕೇಳಿಸಿತು. "ಮಾತು ಕೊಟ್ಟವ್ರು ನೀವ್ರೀ ಅಣ್ಣಾರ. ನಾ ಕೊಟ್ಟೀನೇನು? ನೀವು ಸುಮ್ಮನ ಕೂಡ್ರಿ, ನಾವು ಮಾಡ್ತೀವಿ" ಎಂದು ಇಟ್ಟುಬಿಟ್ಟರು.

ಪರಿಸ್ಥಿತಿ ಹೀಗಾಯಿತು: ಬಿರಾದಾರರ ಮುಖವನ್ನೂ ಸರಿಯಾಗಿ ನೋಡಿರದ ಅರವತ್ತು ಎಪ್ಪತ್ತು ಮಂದಿ ಅವರಿಗಾಗಿ ಹಗಲೂ ರಾತ್ರಿ ಪ್ರಾರ್ಥಿಸುತ್ತಿದ್ದರು. ಇಡೀ ಸಭೆಯಲ್ಲಿ ಅವರನ್ನು ಬಲ್ಲ, ಅವರಿಲ್ಲದೆ ಸಂಜೆ ಕಳೆಯಲು ಗೊತ್ತಿಲ್ಲದ ಒಬ್ಬನೇ ಒಬ್ಬ ಮನುಷ್ಯ ಮಾತ್ರ ಸುಮ್ಮನಿರಬೇಕಾಗಿತ್ತು.

ಆಪರೇಷನ್ನಿನ ದಿನ ಬೆಳಿಗ್ಗೆ ನಾನೂ ಟ್ಯಾಕ್ಸಿಯಲ್ಲಿ ಅವರ ಜತೆ ಹೊರಟೆ. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ಬಿರಾದಾರರು ನನ್ನ ತುಟಿಗಳನ್ನೇ ಗಮನಿಸುತ್ತಿದ್ದರು. "ಏನೋ ಗುಣುಗುಣು ಅನ್ನಾಕತ್ತೀರಿ?" ಎಂದರು. ಲಾರಿಯವನನ್ನು ಬೈಯುತ್ತಿದ್ದೇನೆ ಎಂದೆ. "ಹಂಗಾದ್ರ ಜೋರಾಗಿ ಬೈರಿ" ಎಂದರು. ಅವರನ್ನು ಸ್ಟ್ರೆಚರಿನ ಮೇಲೆ ಒಳಗೆ ಕರೆದೊಯ್ದ ನಂತರ ಅವರ ಹೆಂಡತಿ ಶಾಂತಕ್ಕ ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು. ಶಾಂತಕ್ಕ ಪ್ರತಿ ಸೋಮವಾರ ಗಂಡನಿಗೆ ಗೊತ್ತಾಗದ ಹಾಗೆ ಶಿವನ ಗುಡಿಗೆ ಹೋಗುತ್ತಾರೆ. ಗಂಡ ಅದು ತನಗೆ ಗೊತ್ತಿದೆಯೆಂದು ಹೆಂಡತಿಗೆ ಗೊತ್ತಾಗದ ಹಾಗೆ ಸುಮ್ಮನಿರುತ್ತಾರೆ.

"ಅಣ್ಣಾರ," ಎಂದರು ಮೆಲ್ಲಗೆ, "ನಂದು ನಾ ಮಾಡ್ಕೊಂಡೇನಿ. ನಿಮ್ಮದೂ ಒಂದು ಇರ್ಲಿ. ಇವ್ರಿಗೆ ಹೇಳಬ್ಯಾಡ್ರಿ."

ನಾನು ಮಾತು ಕೊಟ್ಟ ವಿಷಯವನ್ನು ತಕ್ಕ ಗಾಂಭೀರ್ಯದಿಂದ ವಿವರಿಸಿದೆ. ಶಾಂತಕ್ಕ ಪೂರ್ತಿ ಕೇಳಿಸಿಕೊಂಡರು. "ಹಂಗಂದ್ರ ಮಾತು ದೊಡ್ಡದಾತೇನ್ರಿ, ಮನುಷ್ಯಾ ಸಣ್ಣಾವ ಆದ್ನೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ಆಸ್ಪತ್ರೆಯ ಹೊರಗೆ ಕೂತು ಪ್ರಾರ್ಥನೆ ಮಾಡುವುದು ಕಷ್ಟವೆಂದು ಕೆಲವರು ಹೇಳುತ್ತಾರೆ. ಮಾಡದೇ ಇರುವುದು ಎಷ್ಟು ಕಷ್ಟವೆಂಬುದು ಆ ದಿನ ನನಗೆ ಗೊತ್ತಾಯಿತು. ಚಿಕ್ಕಂದಿನಿಂದ ಆದ ಅಭ್ಯಾಸ. ಬಾಗಿಲು ತೆರೆದು ನರ್ಸು ಬಂದರೆ ಸಾಕು, ಒಳಗೆ "ತಂದೆಯೇ" ಎಂದು ಶುರುವಾಗುತ್ತಿತ್ತು. ನಾನು ಅಲ್ಲಿಗೇ ತಡೆದು, ತಂದೆಯವರ ಕ್ಷಮೆ ಕೇಳಿ, ಹಾಗೆ ಕ್ಷಮೆ ಕೇಳುವುದೂ ಪ್ರಾರ್ಥನೆಯೇ ಆಗುತ್ತದೆಂದು ಹೊಳೆದು ಅದನ್ನೂ ಅರ್ಧಕ್ಕೇ ಬಿಡುತ್ತಿದ್ದೆ. ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಸೂಚನೆ ಗೋಡೆಯ ಮೇಲಿತ್ತು. ಅದನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಬಾಯಿಪಾಠ ಮಾಡಿದೆ. ಕೊನೆಗೆ, ನೌಕರಿಯ ಕಾಲದಲ್ಲಿ ದಿನಾ ಹೋಗಿಬರುತ್ತಿದ್ದ ಲೋಕಲ್ ರೈಲಿನ ಸ್ಟೇಷನ್ನುಗಳ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದೆಂದು ತೀರ್ಮಾನಿಸಿದೆ. ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ. ಇದರಲ್ಲಿ ಬಿರಾದಾರರು ಆಕ್ಷೇಪಿಸುವಂಥದ್ದು ಏನೂ ಇರಲಿಲ್ಲ. ಆದರೆ ಮುಲುಂಡ್ ದಾಟುವಷ್ಟರಲ್ಲಿ ಕೈಗಳು ತಾವಾಗಿ ಜೋಡಿಸಿಕೊಂಡಿದ್ದವು, ಭಾಂಡುಪ್ ಎನ್ನುವಾಗ ಕಣ್ಣುಗಳೂ ಮುಚ್ಚಿಕೊಂಡಿದ್ದವು. ಇದು ಪ್ರಾರ್ಥನೆಯ ಲೆಕ್ಕಕ್ಕೆ ಬರುತ್ತದೋ ಎಂಬ ಸಂಶಯದಿಂದ ಗಾಡಿಯನ್ನು ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿದೆ. ನಡುವೆ ಎಸ್ತೇರಮ್ಮನ ಫೋನು ಬಂತು: "ಕ್ಯಾಂಟೀನ್‌ನಾಗ ಅನ್ನಕ್ಕ ಇಟ್ಟು ಎಲ್ಲಾರೂ ಕೂಡಿ ಪ್ರಾರ್ಥನಾ ಮಾಡ್ಲಾಕತ್ತೀವ್ರಿ. ನೀವೇನು ಮಾಡ್ಲಾಕತ್ತೀರಿ?" ಕಳವಾದಲ್ಲಿದ್ದೇನೆ ಎಂದು ಬಾಯಿತಪ್ಪಿ ಹೇಳಿದೆ.

ಮಧ್ಯಾಹ್ನ ಕಳೆದ ಮೇಲೆ ಸರ್ಜನ್ ಹೊರಗೆ ಬಂದು, ಎಲ್ಲ ಚೆನ್ನಾಗಿ ಆಯಿತು ಎಂದರು. ಶಾಂತಕ್ಕ ಅತ್ತರು. ನಾನು ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ದೇವರಿಗೆ ವಂದನೆ ಹೇಳುವುದು ಕೊಟ್ಟ ಮಾತಿನೊಳಗೆ ಬರುತ್ತದೋ ಇಲ್ಲವೋ ಸ್ಪಷ್ಟವಿಲ್ಲದ್ದರಿಂದ ಆ ಬಾಕಿಯನ್ನು ಹಾಗೆಯೇ ಇಟ್ಟೆ.

ಅವರನ್ನು ವಾರ್ಡಿಗೆ ತಂದ ಮೇಲೆ ನೋಡಲು ಹೋದೆ. ಎದೆಗೆ ದಿಂಬು ಅಪ್ಪಿಕೊಂಡು ಕೂತಿದ್ದರು. ಧ್ವನಿ ಸಣ್ಣಗಾಗಿತ್ತು, ಆದರೆ ಕೇಳಿದ ಮೊದಲ ಮಾತೇ ಅದು.

"ಮಾಡಿದ್ರೇನು?"

"ಇಲ್ಲ," ಎಂದೆ ಹೆಮ್ಮೆಯಿಂದ. "ಕೊಟ್ಟ ಮಾತು ಕೊಟ್ಟ ಮಾತೇ."

"ಒಮ್ಮಿನೂ ಇಲ್ಲ?"

"ಒಮ್ಮೆಯೂ ಇಲ್ಲ."

ಬಿರಾದಾರರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಇಂಥ ಸತ್ಯಸಂಧತೆಗೆ ಒಂದು ಮೆಚ್ಚುಗೆಯ ಮಾತನ್ನಾದರೂ ನಿರೀಕ್ಷಿಸಿದ್ದ ನಾನು, ಏನಾಯಿತು ಎಂದೆ.

"ಏನಾಗಬೇಕ್ರಿ? ನಾ ನಂಬೂದಿಲ್ಲ, ನನಗ ಬ್ಯಾಡ. ನಂದು ಲೆಕ್ಕ ಸರಿ ಐತಿ. ನೀವು ನಂಬತೀರಿ. ಪ್ರಾರ್ಥನಾ ಮಾಡಿದ್ರ ಗೆಳೆಯಾ ಉಳೀತಾನ ಅಂತ ಖರೇನ ನಂಬಿದಾವ, ಗೆಳೆಯಾನ ಎದಿ ಕೊಯ್ಯಾಕತ್ತಾಗ ಮಾತು ಕೊಟ್ಟೇನಿ ಅಂತ ಸುಮ್ಮ ಕೂಡ್ತಾನೇನು? ನನ್ನ ಮುಂದ ಸುಳ್ಳು ಹೇಳಿಯಾದ್ರೂ ಮಾಡ್ತಿದ್ದಾ. ಅಂದ್ರ ಒಂದೋ ನಿಮಗ ದೇವರ ಮ್ಯಾಲ ನಂಬಿಕಿ ಇಲ್ಲ, ಇಲ್ಲಂದ್ರ ನನ್ನ ಮ್ಯಾಲ ಪ್ರೀತಿ ಇಲ್ಲ. ಯಾವುದು, ನೀವ ಹೇಳ್ರಿ."

ಇಷ್ಟು ವರ್ಷ ಬೆಂಚಿನ ಮೇಲೆ ನಡೆದ ವಾದಗಳಲ್ಲಿ ನಾನು ಪೂರ್ತಿಯಾಗಿ ಸೋತದ್ದು ಇದೊಂದೇ. ಪ್ರೀತಿ ಇದೆ ಎಂದೆ. "ಹಂಗಾದ್ರ ಇನ್ನೊಂದು," ಎಂದು ಅವರು ಕಣ್ಣು ಮುಚ್ಚಿಕೊಂಡರು. ಲೋಕಲ್ ಸ್ಟೇಷನ್ನುಗಳ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಒಬ್ಬ ರಸಾಯನಶಾಸ್ತ್ರಜ್ಞನ ಮುಂದೆ ಮುಲುಂಡ್ ಮತ್ತು ಭಾಂಡುಪ್‌ಗಳನ್ನು ಪುರಾವೆಯಾಗಿ ಇಡುವ ಧೈರ್ಯವಾಗಲಿಲ್ಲ.

ಎರಡು ತಿಂಗಳ ನಂತರ, ಒಂದು ಭಾನುವಾರ ಬೆಳಿಗ್ಗೆ, ಬಿರಾದಾರರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು. "ನಡೀರಿ, ಚರ್ಚಿಗೆ ಹೋಗೂಣು" ಎಂದರು. ಕೊನೆಗೂ ಮಾವಿನಕಾಯಿ ಹಣ್ಣಾಯಿತೆಂದು ನನ್ನ ಹೆಂಡತಿ ನನ್ನ ಮುಖ ನೋಡಿದಳು. "ಹಂಗೇನಿಲ್ಲ ತಂಗಿ," ಎಂದರು ಬಿರಾದಾರರು, ನಾವು ಕೇಳದೆಯೇ. "ಅಷ್ಟು ಮಂದಿ ನನ್ನ ಸಲುವಾಗಿ ದುಡದಾರ. ಅದು ಕೆಲಸಾ ಮಾಡೂದು ಬಿಡೂದು ಬ್ಯಾರೆ ಮಾತು. ಒಂದು ಉಪಕಾರ ಅನ್ನಬೇಕೋ ಬ್ಯಾಡೋ?"

ಆರಾಧನೆಯ ಹೊತ್ತೆಲ್ಲ ಅವರು ಮರ್ಯಾದೆಯಿಂದ ಕೂತಿದ್ದರು. ಎಲ್ಲರೂ ಎದ್ದಾಗ ಎದ್ದರು, ಹಾಡುವಾಗ ಹಾಡಲಿಲ್ಲ, ಪಕ್ಕದ ಮುದುಕನಿಗೆ ಪುಟ ಹುಡುಕಿ ಕೊಟ್ಟರು. ಎಸ್ತೇರಮ್ಮ ಹಿಂದಿನ ಬೆಂಚಿನಿಂದ ಅವರ ಬೆನ್ನನ್ನು, ಹದವಾಗಿ ಬೆಂದ ಅನ್ನ ನೋಡುವಂತೆ ನೋಡುತ್ತಿದ್ದರು. ಅಯ್ಯನವರು ಎಂದಿನಂತೆ, ಯಾರಿಗಾಗಿಯಾದರೂ ಪ್ರಾರ್ಥಿಸಬೇಕೇ ಎಂದು ಕೇಳಿದರು. ಬಿರಾದಾರರು ಎದ್ದುನಿಂತರು.

"ನಮಸ್ಕಾರ್ರಿ. ನಾ ಈಶ್ವರಪ್ಪ ಬಿರಾದಾರ. ನನ್ನನ್ನ ಉಳಿಸಿದಾವ ಡಾಕ್ಟರ್, ಅದರಾಗ ನನಗೇನೂ ಸಂಶೆ ಇಲ್ಲ. ಆದ್ರ ಗುರ್ತಿಲ್ಲದವನ ಸಲುವಾಗಿ ನೀವೆಲ್ಲಾ ಇಷ್ಟು ಜೀವಾ ತೇದೀರಿ. ಭಾಳ ಉಪಕಾರ ಆತ್ರಿ." ಸಭೆಯೆಲ್ಲ ತಲೆದೂಗಿತು. ಅವರು ಕೂರಲಿಲ್ಲ. "ಇನ್ನೊಂದು ಐತಿ. ಇಲ್ಲಿ ನಮ್ಮ ಕರ್ಕಡರು ಅದಾರ. ಮನುಷ್ಯಾ ಭಾಳ ಚಲೋ. ಆದ್ರ ಈಗೀಗ ಇವ್ರ ನಂಬಿಕಿ ಸ್ವಲ್ಪ ಕಡಿಮಿ ಆದಂಗ ಕಾಣಸತೈತಿ. ನೀವೆಲ್ಲಾ ಕೂಡಿ ಅದನ್ನ ಒಂಚೂರು ನೋಡ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹಿಂದಿನ ಬೆಂಚಿನಿಂದ ಎಸ್ತೇರಮ್ಮ "ಅದೇನು ದೊಡ್ಡ ಮಾತಲ್ರಿ ಅಣ್ಣಾರ, ಮಾಡ್ತೀವಿ ಬಿಡ್ರಿ" ಎಂದರು. ಅಯ್ಯನವರು ಕಣ್ಣು ಮುಚ್ಚಿದರು.

ಬಿರಾದಾರರು ಈಗ ಲಿಫ್ಟಿಲ್ಲದೆ ಮೂರು ಮಹಡಿ ಹತ್ತುತ್ತಾರೆ. ನನಗಾಗಿ ಪ್ರಾರ್ಥನೆ ಪ್ರತಿ ಭಾನುವಾರ ನಡೆಯುತ್ತಿದೆ.